ಬಂದರೂ ಬಾರದ ಸಿಸ್ಟರ್

ಸಿಸ್ಟರ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಏಜೆನ್ಸಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಆದರೆ ರೋಗಿಯ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಆ ಸಿಟ್ಟನ್ನೂ ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದಳು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುವ ಕೆಲಸ ಅವಳದು. ಇಷ್ಟು ವರ್ಷದಲ್ಲಿ ಒಬ್ಬ ರೋಗಿಯೂ ಅವಳ ಮೇಲೆ ದೂರು ಹೇಳಿದ್ದಿಲ್ಲ. ಹಾಗಾಗಿ ಆ ಮಧ್ಯಾಹ್ನ ಮೇಲ್ವಿಚಾರಕ ಫೋನ್ ಮಾಡಿ, ಇವತ್ತು ಮೇಷ್ಟ್ರ ಮನೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿದಾಗ ಅವಳಿಗೆ ಮೊದಲು ನಗುವೇ ಬಂತು. ಮೇಷ್ಟ್ರ ಮನೆಯಿಂದ ಹೊರಟವಳು ತಡವಾದ ಬಸ್ಸಿಗೆ ಮುಕ್ಕಾಲು ಗಂಟೆಯಿಂದ ಕಾಯುತ್ತಿದ್ದಳು. ಕೈಯಲ್ಲಿ ಇನ್ನೂ ಅವರಿಗೆ ಹಚ್ಚಿದ ಎಣ್ಣೆಯ ವಾಸನೆ ಇತ್ತು.

ಮೇಲ್ವಿಚಾರಕ ನಗಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಇವತ್ತು ಒಂದೇ ದಿನ ಅಲ್ಲ, ಈ ವಾರ ಪೂರ್ತಿ ನೀವು ಅಲ್ಲಿಗೆ ಹೋಗಿಲ್ಲ ಎಂದು ಆ್ಯಪ್ ತೋರಿಸುತ್ತಿದೆ, ಮೇಷ್ಟ್ರ ಹೆಂಡತಿಯ ಫೋನಿಗೂ ಹಾಗೇ ಹೋಗಿದೆ, ನಿಮ್ಮ ಮುಖ ನೋಡಿ ಇಷ್ಟು ದಿನ ಸುಮ್ಮನಿದ್ದರಂತೆ, ಇವತ್ತು ಮೇಷ್ಟ್ರು ಬೇರೆ ಬಿದ್ದಿದ್ದಾರೆ, ಒಮ್ಮೆ ಅಲ್ಲಿಗೆ ಬನ್ನಿ ಎಂದ.

ಬಿದ್ದಿದ್ದಾರೆ ಎಂಬ ಮಾತು ಕಿವಿಗೆ ಬಿದ್ದದ್ದೇ, ಉಳಿದದ್ದೆಲ್ಲ ಮರೆತು ಅವಳು ಬಂದ ದಾರಿಯಲ್ಲೇ ತಿರುಗಿ ಹೆಚ್ಚುಕಡಿಮೆ ಓಡಿದಳು.

ಮೇಷ್ಟ್ರು ರೇಖಾಗಣಿತ ಹೇಳಿಕೊಡುತ್ತಿದ್ದವರು. ಇನ್ನೂ ಕೂದಲು ನೆರೆಯದ ವಯಸ್ಸಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಎರಡೂ ಸೋತಿದ್ದವು. ಮಾತೂ ಹೋಗಿತ್ತು. ಹೋದ ಮಾತುಗಳಲ್ಲಿ ಒಂದೇ ಒಂದು, ಯಾಕೋ ಏನೋ, ಬಾಯಲ್ಲಿ ಉಳಿದುಕೊಂಡಿತ್ತು: "ಇಲ್ಲ." ಊಟ ಬೇಕಾ ಎಂದರೂ ಇಲ್ಲ, ಸಾಕಾ ಎಂದರೂ ಇಲ್ಲ, ನೋಯುತ್ತಾ ಎಂದರೂ ಇಲ್ಲ. ಅದನ್ನು ಅವರು ಎಷ್ಟು ಬಗೆಯಲ್ಲಿ ಹೇಳುತ್ತಾರೆ, ಯಾವ ಇಲ್ಲಕ್ಕೆ ಕಣ್ಣು ಎಲ್ಲಿ ಹೋಗುತ್ತದೆ ಎಂಬುದನ್ನೆಲ್ಲ ಸಿಸ್ಟರ್ ಕೆಲವೇ ವಾರಗಳಲ್ಲಿ ಕಲಿತಿದ್ದಳು. ಅವರ ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವಾಕೆ. ಬೆಳಿಗ್ಗೆ ಬೇಗ ಹೊರಟರೆ ಬರುವುದು ಊಟದ ಹೊತ್ತು ಮೀರಿದ ಮೇಲೆ. ನಡುವಿನ ಹೊತ್ತಿಗೆ ಸಿಸ್ಟರ್ ತನ್ನ ಹತ್ತಿರವಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು, ಅವರಿಗೆ ಮೈ ಒರೆಸಿ, ಗಡ್ಡ ಮಾಡಿ, ಕೈಕಾಲು ಆಡಿಸಿ, ಉಣ್ಣಿಸಿ, ಗಾಲಿ ಕುರ್ಚಿಯಲ್ಲಿ ಕಿಟಕಿಯ ಬಳಿ ಕೂರಿಸಿ ಹೋಗುತ್ತಿದ್ದಳು. ಹೆಂಡತಿ ಕೌಂಟರಿನಲ್ಲಿ ಫೋನು ಮುಟ್ಟುವಂತಿಲ್ಲ. ಚಹಾದ ಬಿಡುವಿನಲ್ಲಿ ಒಮ್ಮೆ ತೆಗೆದು ನೋಡಿದರೆ "ಸಿಸ್ಟರ್ ಬಂದಿದ್ದಾರೆ" ಎಂದು ಇರುತ್ತಿತ್ತು. ಆಕೆಗೆ ಅಷ್ಟು ಸಾಕು.

ಆ ಸಾಲನ್ನು ಬರೆಯುತ್ತಿದ್ದದ್ದು ಏಜೆನ್ಸಿಯ ಆ್ಯಪ್. ಎಲ್ಲ ಸಿಸ್ಟರ್‌ಗಳಿಗೂ ಏಜೆನ್ಸಿಯೇ ಒಂದೊಂದು ಫೋನು ಕೊಟ್ಟಿತ್ತು. ರೋಗಿಯ ಮನೆ ತಲುಪಿದ್ದನ್ನು ಅದು ತಾನೇ ಹಿಂದುಗಡೆಯಿಂದ ಗುರುತು ಹಾಕಿಕೊಳ್ಳುತ್ತದೆ, ನೀವು ಏನೂ ಒತ್ತಬೇಕಿಲ್ಲ, ನಿಮ್ಮ ಕೆಲಸ ನೀವು ಮಾಡಿ ಅದರ ಕೆಲಸ ಅದು ಮಾಡುತ್ತೆ ಎಂದು ಕೊಡುವಾಗಲೇ ಹೇಳಿದ್ದರು. ಸಿಸ್ಟರ್‌ಗೆ ಅದು ಒಪ್ಪಿತವಾಗಿತ್ತು. ರೋಗಿಯ ಮುಂದೆ ಫೋನು ಹಿಡಿಯುವುದು ಅವಳಿಗೆ ಆಗದ ಮಾತು. ಫೋನು ಚೀಲದಲ್ಲಿ, ಚೀಲ ಬಾಗಿಲ ಹಿಂದೆ, ಸದ್ದಿಲ್ಲದೆ.

ಅವಳು ಏದುಸಿರು ಬಿಡುತ್ತಾ ಒಳಗೆ ಹೋದಾಗ ಮೇಷ್ಟ್ರು ಮಂಚದ ಮೇಲಿದ್ದರು. ಹಣೆಯಲ್ಲಿ ಊತ, ಅದರ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ. ಅವಳು ಹೋದ ಮೇಲೆ ಗಾಲಿ ಕುರ್ಚಿಯಿಂದ ತಾವೇ ಎದ್ದು ನಿಲ್ಲಲು ನೋಡಿದ್ದಾರೆ. ಬಲಗಾಲಿಗೆ ಸ್ವಲ್ಪ ಜೀವ ಬಂದಂತಿದೆ ಎಂಬ ಧೈರ್ಯ ಈಚೆಗೆ ಅವರಿಗೆ ಬಂದದ್ದು ಅವಳಿಗೆ ಗೊತ್ತಿತ್ತು. ಮೇಲ್ವಿಚಾರಕ ಕಿಟಕಿಯ ಪಕ್ಕ ನಿಂತಿದ್ದ. ಮೇಷ್ಟ್ರ ಹೆಂಡತಿ ಕಚೇರಿಯ ಬಟ್ಟೆಯಲ್ಲೇ ಮಂಚದ ಅಂಚಿನಲ್ಲಿ ಕೂತಿದ್ದಳು, ಮುಖ ಕಲ್ಲಾಗಿತ್ತು.

ಸಿಸ್ಟರ್ ಊತ ನೋಡಲು ಕೈ ಚಾಚಿದಳು. ಆಕೆ ಆ ಕೈಯನ್ನು ತಡೆದಳು.

"ಮೊದಲು ಒಂದು ಮಾತು ಹೇಳಿ. ಈ ವಾರ ನೀವು ಈ ಮನೆಗೆ ಬಂದಿದ್ರಾ?"

ಬಂದಿದ್ದೆ ಎಂದಳು ಸಿಸ್ಟರ್. ದಿನವೂ ಬಂದಿದ್ದೆ, ಇವತ್ತೂ ಬಂದಿದ್ದೆ. ಆಕೆ ಗಂಡನ ಕಡೆ ತಿರುಗಿದಳು. ಕೇಳುವಾಗ ದನಿ ಒಡೆಯಿತು.

"ನೀವೇ ಹೇಳಿಬಿಡಿ. ಇವತ್ತು ಇವರು ಬಂದಿದ್ರಾ?"

"ಇಲ್ಲ" ಎಂದರು ಮೇಷ್ಟ್ರು.

ಸಿಸ್ಟರ್‌ಗೆ ಕಿವಿಯೆಲ್ಲ ಬಿಸಿಯಾಯಿತು. ಅವರಿಗೆ ಬರುವುದೇ ಆ ಒಂದು ಮಾತು ಎಂದು ಈ ಹೆಂಗಸಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬದುಕಿದ್ದೀರಾ ಎಂದು ಕೇಳಿದರೂ ಇಲ್ಲ ಎನ್ನುವ ಮನುಷ್ಯನ ಸಾಕ್ಷಿ ಹಿಡಿದು ತನ್ನನ್ನು ನೇಣಿಗೆ ಹಾಕುವುದೇ? ಅವಳು ಮಂಚದ ಬಳಿ ಬಗ್ಗಿ ಕೇಳಿದಳು:

"ಮೇಷ್ಟ್ರೇ, ನಾನು ಸುಳ್ಳು ಹೇಳ್ತಾ ಇದ್ದೀನಾ?"

"ಇಲ್ಲ."

ಮೇಲ್ವಿಚಾರಕನ ತುಟಿಯ ಕೊನೆ ಸ್ವಲ್ಪ ಅಲುಗಿತು. ಮೇಷ್ಟ್ರ ಹೆಂಡತಿಯದು ಅಲುಗಲಿಲ್ಲ. ಕಾಯಿಲೆಯವರನ್ನು ಇಟ್ಟುಕೊಂಡು ಮಾತಿನಲ್ಲಿ ಆಟ ಆಡಬೇಡಿ ಎಂದಳು. ನೀವು ಬಂದು ಸರಿಯಾಗಿ ಕೂರಿಸಿದ್ದರೆ ಇವರು ಬೀಳುತ್ತಿರಲಿಲ್ಲ ಎಂದಳು. ಬೀಗದ ಕೈ ಕೊಟ್ಟು ಹೋಗಿ ಎಂದಳು. ಸಿಸ್ಟರ್ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಮೇಷ್ಟ್ರು ಅವಳನ್ನೇ ನೋಡುತ್ತಾ ಅದೇ ಒಂದು ಮಾತನ್ನು ಮತ್ತೆ ಮತ್ತೆ ಹೇಳಲು ಶುರುಮಾಡಿದರು. ಈ ಸಲ ಅದು ಯಾವ ಇಲ್ಲ ಎಂದು ಅವಳಿಗೆ ತಿಳಿಯಿತು. ಆದರೆ ಅಲ್ಲಿ ಅದನ್ನು ಬಿಡಿಸಿ ಹೇಳಿದರೆ ಕೇಳುವವರು ಯಾರು?

ಹೊರಗೆ ಮೆಟ್ಟಿಲಿಳಿಯುವಾಗ ಅವಳು ಮೇಲ್ವಿಚಾರಕನಿಗೆ ಆ್ಯಪ್ ಕೆಟ್ಟಿದೆ ಎಂದಳು. ಕೆಟ್ಟಿದ್ದರೆ ಮಧ್ಯಾಹ್ನ ನೀವು ನೋಡುವ ಇನ್ನೊಬ್ಬ ರೋಗಿ, ಆ ಅಜ್ಜಿಯ ಮನೆಯಲ್ಲಿ ಹೇಗೆ ಸರಿಯಾಗಿ ಗುರುತು ಬೀಳುತ್ತಿದೆ ಎಂದು ಅವನು ಮೆಲ್ಲಗೆ ಕೇಳಿದ. ಫೋನು ತೆಗೆದು ಆ್ಯಪ್ ತೆರೆದು ನೋಡಿದಳು. ಹಸಿರು ಬಣ್ಣದಲ್ಲಿ "ಚಾಲನೆಯಲ್ಲಿದೆ" ಎಂದು ನಿರಾಳವಾಗಿ ಹೇಳುತ್ತಿತ್ತು.

"ಯಂತ್ರಕ್ಕೆ ಯಾರ ಮೇಲೂ ಹಗೆ ಇರಲ್ಲ ಸಿಸ್ಟರ್" ಎಂದ ಅವನು. "ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ. ನಾನು ಸುಧಾರಿಸ್ತೀನಿ."

ಹೇಳುವುದಿಲ್ಲ ಎಂದಳು. ಮಾರನೆಯ ದಿನದಿಂದ ಅವಳನ್ನು ರೋಗಿಗಳ ಮನೆಗೆ ಕಳಿಸುವುದು ನಿಂತಿತು. ಅಜ್ಜಿಯ ಮನೆಯೂ ಇಲ್ಲ. ಏಜೆನ್ಸಿಯ ದಾಸ್ತಾನು ಕೋಣೆಯಲ್ಲಿ ಕೂತು ಹತ್ತಿ, ಪಟ್ಟಿ, ಕೈಗವಸು ಪೊಟ್ಟಣ ಕಟ್ಟುವ ಕೆಲಸ. ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಹಿರಿಯ ನರ್ಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಮಂಡಿನೋವು ಬಂದು ಮನೆ ಸುತ್ತುವುದು ಬಿಟ್ಟವಳು. ಈ ತಿಂಗಳು ನೀನೊಬ್ಬಳೇ ಅಲ್ಲ ಕಣೇ ಎಂದು ಆಕೆ ಪೊಟ್ಟಣ ಕಟ್ಟುತ್ತಲೇ ಹೇಳಿದಳು. ಇನ್ನೂ ಕೆಲವರಿಗೆ ಹೀಗೇ ಆಗಿದೆ, ಕೆಲಸ ಬಿಟ್ಟುಹೋದ ಒಬ್ಬ ಹುಡುಗಿ ಬಿಟ್ಟರೆ ಎಲ್ಲರೂ ತಪ್ಪಾಯ್ತು ಎಂದು ತಲೆ ತಗ್ಗಿಸಿ ಮತ್ತೆ ಕೆಲಸಕ್ಕೆ ಹೋದರು. ನೀರಲ್ಲಿದ್ದುಕೊಂಡು ಮೊಸಳೆ ಜೊತೆ ಜಗಳ ಯಾಕೆ?

"ಮಾಡದ ತಪ್ಪಿಗೆ ಹೇಗೆ ದೊಡ್ಡಕ್ಕ ತಲೆ ತಗ್ಗಿಸೋದು?"

"ಹೀಗೆ" ಎಂದು ದೊಡ್ಡಕ್ಕ ಪೊಟ್ಟಣದ ಮೇಲೆ ಬಗ್ಗಿ ದಾರ ಕಚ್ಚಿ ಹರಿದಳು.

ಸಿಸ್ಟರ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನೆಗೆ ಹೋದವಳು ಅನ್ನದ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು. ಆ ಸದ್ದಿಗೆ ಒಳಗಿನ ಕೋಣೆಯಿಂದ ನಾದಿನಿ ಎದ್ದು ಬಂದಳು. ಗಂಡನ ತಂಗಿ, ಇವರ ಜೊತೆಗೇ ಇದ್ದಳು. ಮೊಬೈಲ್ ಆ್ಯಪ್‌ಗಳು ಹೊರಗೆ ಬರುವ ಮುಂಚೆ ಅವುಗಳಲ್ಲಿ ಎಲ್ಲೆಲ್ಲಿ ಹುಳುಕಿದೆ ಎಂದು ಕೆದಕಿ ನೋಡುವುದೇ ಅವಳ ಉದ್ಯೋಗ. ಮನೆಯಲ್ಲಿ ಅಡುಗೆಯ ಹುಳುಕನ್ನೂ ಹಾಗೇ ಹುಡುಕುತ್ತಾಳೆ ಎಂದು ಅಣ್ಣ ಹಾಸ್ಯ ಮಾಡುತ್ತಿದ್ದ. ಸಿಸ್ಟರ್ ನಡೆದದ್ದನ್ನೆಲ್ಲ ಹೇಳಿ ಮುಗಿಸಿದಾಗ ಅವಳು ಕೈ ಚಾಚಿದಳು.

"ಆ ಫೋನ್ ಕೊಡಿ ಅತ್ತಿಗೆ. ದಿನಾ ಇದನ್ನ ಏನೇನು ಮಾಡ್ತೀರಿ, ಎದ್ದಾಗಿನಿಂದ ಹೇಳಿ."

ಹೇಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಫೋನು ಆರಿಸಿ ಚಾರ್ಜಿಗೆ ಹಾಕಬೇಕು, ಅದು ಏಜೆನ್ಸಿಯ ನಿಯಮ. ಬೆಳಿಗ್ಗೆ ಹೊರಡುವಾಗ ಆನ್ ಮಾಡಿ, ಪಿನ್ ಒತ್ತಿ, ಚೀಲಕ್ಕೆ ಹಾಕುವುದು. ಮೇಷ್ಟ್ರ ಮನೆಯಲ್ಲಿ ಮುಟ್ಟುವುದಿಲ್ಲ. ಅಜ್ಜಿಯ ಕಾಲಿನ ಗಾಯದ ಫೋಟೋ ತೆಗೆದು ಕಳಿಸಬೇಕು, ಅದಕ್ಕೆ ಅಲ್ಲಿ ಹೋದ ಕೂಡಲೇ ಆ್ಯಪ್ ತೆರೆಯುತ್ತಾಳೆ. ನಾದಿನಿ ತಲೆಯಾಡಿಸಿದಳು. ಮೊದಲು ಸರಿ ಇದ್ದದ್ದು ಯಾವಾಗಿನಿಂದ ಕೆಟ್ಟಿತು ಎಂದು ಕೇಳಿದಳು. ಸಿಸ್ಟರ್ ಯೋಚಿಸಿದಳು. ಫೋನು ತನಗೆ ತಾನೇ ಹೊಸ ಆವೃತ್ತಿಗೆ ಬದಲಾಗಿ, ಅದರ ಬೆನ್ನಿಗೇ ಆ್ಯಪ್‌ನದೂ ಹೊಸ ಆವೃತ್ತಿ ಬಂದಿತ್ತು. ಅದಾದ ಮೇಲೇ ಇರಬೇಕು.

ಭಾನುವಾರ ಬೆಳಿಗ್ಗೆ ಇಬ್ಬರೂ ಊಟದ ಮೇಜಿನ ಮೇಲೆ ಅದನ್ನು ಇಟ್ಟುಕೊಂಡು ಕೂತರು. ಮೊದಲು ನಿಮ್ಮ ತಪ್ಪು ಅಂತ ಅವರು ಏನೇನು ಹೇಳಬಹುದೋ ಅದನ್ನೆಲ್ಲ ತೆಗೆದುಹಾಕೋಣ ಎಂದಳು ನಾದಿನಿ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಈ ಆ್ಯಪ್‌ನ ಕತ್ತು ಹಿಸುಕದಂತೆ ಮಾಡಿದಳು. ಫೋನು ಆರಿಸಿ, ಆನ್ ಮಾಡಿ, ಆ್ಯಪ್ ತೆರೆಯದೆ ಅತ್ತಿಗೆಯ ಕೈಗೆ ಕೊಟ್ಟು ಬೀದಿಯ ಕೊನೆವರೆಗೆ ನಡೆದು ಬನ್ನಿ ಎಂದಳು. ನಡೆದು ಬಂದಳು. ಫೋನಿನೊಳಗೆ ಯಾವ ಯಾವ ಸರ್ವಿಸ್‌ಗಳು, ಅಂದರೆ ಆ್ಯಪ್ ತೆರೆಯದಿದ್ದರೂ ಹಿಂದುಗಡೆ ಕೆಲಸ ಮಾಡುವ ಭಾಗಗಳು, ಓಡುತ್ತಿವೆ ಎಂದು ತೋರಿಸುವ ಒಂದು ಮೂಲೆಯನ್ನು ನಾದಿನಿ ತೆರೆದು ನೋಡಿದಳು. ಆ್ಯಪ್‌ನ ಸರ್ವಿಸ್ ಅಲ್ಲಿರಲಿಲ್ಲ. ಸ್ಥಳ ನೋಡುವ ಅನುಮತಿಯನ್ನು "ಯಾವಾಗಲೂ" ಎಂದು ಇಟ್ಟಳು. ಮತ್ತೆ ಆರಿಸಿ, ಆನ್ ಮಾಡಿ, ಮತ್ತೆ ಬೀದಿ. ಇಲ್ಲ. ಆ್ಯಪ್ ಅಳಿಸಿ ಹೊಸದಾಗಿ ಹಾಕಿದಳು. ಮತ್ತೆ ಬೀದಿ. ಎದುರು ಮನೆಯಾಕೆ ಬಾಗಿಲಿಗೆ ಬಂದು, ಏನಾದರೂ ಕಳೆದುಕೊಂಡಿದ್ದೀರಾ ಎಂದು ವಿಚಾರಿಸಿದಳು. ಹೌದು, ಮಾನ, ಎಂದು ಹೇಳಬೇಕೆನಿಸಿದರೂ ಸಿಸ್ಟರ್ ಸುಮ್ಮನೆ ನಕ್ಕು ಮುಂದೆ ಹೋದಳು.

ಈ ಸಲ ಬಂದಾಗ ನಾದಿನಿ ಒಮ್ಮೆ ಆ್ಯಪ್ ತೆರೆದಳು. ಹಸಿರು ಹೊತ್ತಿಕೊಂಡಿತು. ಓಡುತ್ತಿರುವವುಗಳ ಸಾಲಿಗೆ ಸರ್ವಿಸ್ ಬಂದು ಕೂತಿತು. ಆ್ಯಪ್ ಮುಚ್ಚಿದರೂ ಅದು ಅಲ್ಲೇ ಇತ್ತು. ಫೋನು ಆರಿಸಿ ಆನ್ ಮಾಡಿದರೆ ಮತ್ತೆ ಮಾಯ.

"ನೋಡಿದ್ರಾ ಅತ್ತಿಗೆ? ನಾವು ನೋಡೋಕೆ ಹೋದ್ರೆ ಎದ್ದು ಕೂರತ್ತೆ. ಅಪ್ಪನ ಹೆಜ್ಜೆ ಸದ್ದು ಕೇಳಿದ ಕೂಡಲೇ ಪುಸ್ತಕ ತೆಗೆಯೋ ಮಕ್ಕಳ ಹಾಗೆ. ನಿಮ್ಮ ಆಫೀಸಿನವರು ದಿನವಿಡೀ ಆ್ಯಪ್ ತೆರೆದಿಟ್ಟುಕೊಂಡೇ ಕೂತಿರ್ತಾರೆ, ಅವರಿಗೆ ಇದು ಕಾಣೋದೇ ಇಲ್ಲ."

ಆಮೇಲೆ ಅವಳು ಫೋನನ್ನು ತಂತಿಯಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಮತ್ತೊಮ್ಮೆ ಆನ್ ಮಾಡಿದಳು. ಪರದೆಯ ಮೇಲೆ ಸಾಲುಗಳು ಇರುವೆಯ ಹಾಗೆ ಹರಿದವು. ಫೋನು ತನ್ನೊಳಗೆ ನಡೆಯುವುದನ್ನೆಲ್ಲ ಹೀಗೆ ಒದರುತ್ತಿರುತ್ತದೆಯಂತೆ. ನಾದಿನಿ ಆ್ಯಪ್‌ನ ಹೆಸರು ಕೊಟ್ಟು ಸೋಸಿದಳು. ಕೆಲವೇ ಸಾಲು ಉಳಿದವು. ಅವುಗಳನ್ನು ಓದಿ ಅವಳು ಕುರ್ಚಿಗೆ ಒರಗಿದಳು.

ಫೋನು ಆನ್ ಆಗುತ್ತಿದ್ದಂತೆ ಆ್ಯಪ್ ತನ್ನ ಸರ್ವಿಸ್ ಶುರು ಮಾಡಲು ಹೋಗಿದೆ. ಹೊಸ ಆವೃತ್ತಿಯಲ್ಲಿ ಫೋನಿನ ನಿಯಮ ಬಿಗಿಯಾಗಿದೆ: ಯಾರೂ ತೆರೆಯದೆ ಇರುವಾಗ ಇಂಥ ಬಗೆಯ ಸರ್ವಿಸ್ ಶುರು ಮಾಡುವಂತಿಲ್ಲ ಎಂದು ಅದು ತಡೆದಿದೆ. ಆ್ಯಪ್ ಮಾಡಿದವರು ಹೊಸ ನಿಯಮಕ್ಕೆ ತಕ್ಕಂತೆ ಸರ್ವಿಸ್‌ನ ಬಗೆಯನ್ನು ಸರಿಪಡಿಸಿಲ್ಲ. ಅಷ್ಟಾದರೆ ಪರವಾಗಿಲ್ಲ, ಎಲ್ಲರೂ ಎಡವುತ್ತಾರೆ ಎಂದಳು ನಾದಿನಿ. ಅದರ ಕೆಳಗಿನ ಸಾಲಿಗೆ ಬೆರಳಿಟ್ಟಾಗ ಅವಳ ದನಿಯೂ ಬಿಗಿಯಾಯಿತು. ಅದು ಆ್ಯಪ್ ತಾನೇ ಬರೆದುಕೊಂಡ ಸಾಲು. ಶುರುವಾಗಲಿಲ್ಲ, ಬಿಟ್ಟುಬಿಡು, ಎಂದಿತ್ತು.

"ಎಡವಿದ್ದು ತಪ್ಪಲ್ಲ ಅತ್ತಿಗೆ. ಎಡವಿದ್ದನ್ನ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಾರಲ್ಲ, ಅದು ತಪ್ಪು. ನಿಮಗೂ ಹೇಳಿಲ್ಲ, ಆಫೀಸಿಗೂ ಹೇಳಿಲ್ಲ. ಸರ್ವಿಸ್ ಓಡದೆ ಇದ್ರೆ ಅದಕ್ಕೆ ಗೊತ್ತಿರೋದು ಏನು? ಏನೂ ಇಲ್ಲ. ಗೊತ್ತಿಲ್ಲ ಅನ್ನಬೇಕಾದ ಕಡೆ ಬಂದಿಲ್ಲ ಅಂತ ಬರೆದು ಕಳಿಸಿದೆ."

ಸಿಸ್ಟರ್ ಆ ಸಾಲನ್ನೇ ನೋಡುತ್ತಿದ್ದಳು. ಒಂದು ವಾರ ಅವಳೊಳಗೆ ದಿಕ್ಕಿಲ್ಲದೆ ಸುತ್ತುತ್ತಿದ್ದ ಸಿಟ್ಟಿಗೆ ಈಗ ಹೋಗಲು ಒಂದು ವಿಳಾಸ ಸಿಕ್ಕಿತ್ತು.

"ಅಂದ್ರೆ ಕೆಲಸಕ್ಕೆ ಚಕ್ಕರ್ ಹೊಡೆದಿದ್ದು ಇದು" ಎಂದಳು ನಿಧಾನವಾಗಿ. "ಕಳ್ಳಿ ಅನ್ನಿಸಿಕೊಂಡಿದ್ದು ನಾನು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಮೇಷ್ಟ್ರಿಗೆ ಬೇರೆ ಮಾತು ಬರಲ್ಲ, ಅದು ಕಾಯಿಲೆ. ಇದಕ್ಕೇನು ರೋಗ?"

ಅವರು ಇನ್ನೂ ಮೇಜಿನ ಮುಂದೆ ಇದ್ದಾಗಲೇ ಬಾಗಿಲು ತಟ್ಟಿದ ಸದ್ದಾಯಿತು. ನಾದಿನಿ ಹೋಗಿ ತೆರೆದಳು. ಮೇಷ್ಟ್ರ ಹೆಂಡತಿ. ಏಜೆನ್ಸಿಯಲ್ಲಿ ವಿಳಾಸ ಕೇಳಿ ಪಡೆದು, ಗಂಡನ ಬಳಿ ತಂಗಿಯನ್ನು ಕೂರಿಸಿ ಬಂದಿದ್ದಳು. ಒಳಗೆ ಬನ್ನಿ ಎನ್ನುವ ಮುಂಚೆಯೇ ಹೊಸ್ತಿಲಲ್ಲಿ ನಿಂತು ಹೇಳಿದಳು. ಸಿಸ್ಟರ್ ಬದಲು ಹೊಸ ನರ್ಸನ್ನು ಕಳಿಸಿದ್ದರು. ಮತ್ತೆ ಮೋಸ ಹೋಗಬಾರದೆಂದು ಆಕೆ ನಿನ್ನೆ ರಜೆ ಹಾಕಿ ಮನೆಯಲ್ಲೇ ಕೂತಿದ್ದಳು. ಹೊಸ ನರ್ಸು ಕಣ್ಣೆದುರಿಗೇ ಬಂದಳು, ಮೈ ಒರೆಸಿದಳು, ಉಣ್ಣಿಸಿದಳು. ಅಷ್ಟರಲ್ಲಿ ಫೋನು ಗುಂಯ್ ಎಂದಿತು. "ಇಂದಿನ ಭೇಟಿ ನಡೆದಿಲ್ಲ."

"ಆ ಹುಡುಗಿ ನನ್ನ ಮುಂದೆನೇ ನಿಂತಿದ್ಲು ಸಿಸ್ಟರ್. ಕೈಯಲ್ಲಿ ಚಮಚ ಹಿಡ್ಕೊಂಡು."

ನಾದಿನಿ ಕುರ್ಚಿ ಎಳೆದು ಕೊಟ್ಟಳು. ಆಕೆ ಕೂರಲಿಲ್ಲ. ಕ್ಷಮಿಸಿ ಎಂದಳು. ಕ್ಷಮಿಸಿದೆ ಎಂದುಬಿಟ್ಟರೆ ಎಲ್ಲರಿಗೂ ಹಗುರ. ಅದು ಸಿಸ್ಟರ್‌ಗೂ ಗೊತ್ತಿತ್ತು. ಆದರೆ ಗಂಟಲಿಗೆ ಬಂದದ್ದು ಬೇರೆ ಮಾತು.

"ಆ ವಾರ ಮನೆಗೆ ಬಂದಾಗ ದಿನಾ ಅವರ ಮುಖ ನೋಡ್ತಿದ್ರಿ ತಾನೆ? ನುಣ್ಣಗೆ ಗಡ್ಡ ಆಗಿರ್ತಿತ್ತಲ್ಲ. ಯಾರು ಮಾಡಿದ್ರು ಅಂದ್ಕೊಂಡ್ರಿ? ಫೋನಾ?"

ಮೇಷ್ಟ್ರ ಹೆಂಡತಿ ಗೋಡೆಗೆ ಕೈ ಊರಿದಳು. ಆಕೆ ಸುಳ್ಳು ನೆಪ ಹೇಳಲಿಲ್ಲ, ಅದೊಂದು ಸಿಸ್ಟರ್‌ಗೆ ಮೆಚ್ಚುಗೆಯಾಯಿತು.

"ನೋಡಿದ್ದೆ" ಎಂದಳು. "ಗಡ್ಡನೂ ನೋಡಿದ್ದೆ, ಮಡಚಿಟ್ಟ ಬಟ್ಟೆನೂ ನೋಡಿದ್ದೆ. ಅವರೇ ಎಡಗೈಯಲ್ಲಿ ಹೇಗೋ ಮಾಡ್ಕೊಂಡಿರಬೇಕು ಅಂತ ನನಗೆ ನಾನೇ ಹೇಳ್ಕೊಂಡೆ. ಬಿದ್ದಿದ್ದನ್ನ ನೋಡಿದ ಮೇಲೆ ಯಾರನ್ನಾದ್ರೂ ಬೈಯಲೇಬೇಕಿತ್ತು. ಫೋನು ನಿಮ್ಮನ್ನ ತೋರಿಸ್ತು."

ಸಿಸ್ಟರ್‌ನ ಸಿಟ್ಟು ಇಳಿಯಲಿಲ್ಲ, ಆದರೆ ಆಕೆಯ ಮೇಲಿಂದ ಸರಿಯಿತು. ಕೂತ್ಕೊಳ್ಳಿ ಎಂದಳು. ನಾದಿನಿ ಲ್ಯಾಪ್‌ಟಾಪ್ ತಿರುಗಿಸಿ ಆ ಎರಡು ಸಾಲುಗಳನ್ನು ಆಕೆಗೂ ಬಿಡಿಸಿ ಹೇಳಿದಳು. ಮೂವರೂ ಚಹಾ ಕುಡಿದರು. ಎದ್ದು ಹೋಗುವಾಗ ಮೇಷ್ಟ್ರ ಹೆಂಡತಿ, ನಾಳೆ ಏಜೆನ್ಸಿಗೆ ನಾನೂ ಬರುತ್ತೇನೆ ಎಂದಳು.

ಸೋಮವಾರ ಮೂವರೂ ಒಟ್ಟಿಗೆ ಒಳಗೆ ಹೋದಾಗ ಮೇಲ್ವಿಚಾರಕ ಎದ್ದು ನಿಂತು ಕುರ್ಚಿ ತರಿಸಿದ. ನಾದಿನಿ ಎಲ್ಲವನ್ನೂ ಅವನ ಮುಂದೆಯೇ ಮಾಡಿ ತೋರಿಸಿದಳು: ಆರಿಸಿದಳು, ಆನ್ ಮಾಡಿದಳು, ಓಡುವ ಸರ್ವಿಸ್‌ಗಳ ಸಾಲು ತೋರಿಸಿದಳು, ಆ್ಯಪ್ ತೆರೆದಳು, ಮತ್ತೆ ತೋರಿಸಿದಳು. ಅವನು ತಾಳ್ಮೆಯಿಂದ ನೋಡಿದ. ಹೀಗೂ ಉಂಟೇ ಎಂಬಂತೆ ಹುಬ್ಬೇರಿಸಿದ. ಆ್ಯಪ್ ಮಾಡಿದವರನ್ನೇ ಕೇಳೋಣ ಎಂದು ಮೇಷ್ಟ್ರ ಹೆಂಡತಿ ಪಟ್ಟು ಹಿಡಿದಾಗ ಮಾತ್ರ, ಅವರು ಈ ಹೊತ್ತಿಗೆ ಸಿಗುವುದಿಲ್ಲ ಎಂದ. ಆಮೇಲೆ ವಿಧಿಯಿಲ್ಲದೆ ಅವರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ.

ಆ ಕಡೆಯಿಂದ ಮಾತಾಡಿದವನು ಆ್ಯಪ್‌ನ ಪ್ರೋಗ್ರಾಮರ್. ದಣಿದ ದನಿ. ನಾದಿನಿ ತಾನು ಕಂಡದ್ದನ್ನು ಹೇಳಲು ಶುರುಮಾಡಿದ್ದೇ ತಡ, ಹೌದು ಹೌದು, ಆನ್ ಆದಾಗ ಸರ್ವಿಸ್ ಶುರುವಾಗೋದಿಲ್ಲ, ಅದೇ ತಾನೆ, ಎಂದು ಅವನೇ ಮುಗಿಸಿದ. ತಪ್ಪು ನಮ್ಮದೇ, ಶುರುವಾಗದಿದ್ದರೆ ಕೂಗಿ ಹೇಳಬೇಕಿತ್ತು, ಹೇಳುವಂತೆ ಬರೆದಿರಲಿಲ್ಲ, ಸರಿ ಮಾಡುತ್ತಿದ್ದೇವೆ ಎಂದ. ಆಮೇಲೆ ಇನ್ನೊಂದು ಮಾತು ಹೇಳಿದ.

"ಆದ್ರೆ ಇದನ್ನ ಹೋದ ತಿಂಗಳೇ ಸರ್‌ಗೆ ಹೇಳಿದ್ವಲ್ಲ. ಹೊಸ ಆವೃತ್ತಿ ಬರೋ ತನಕ ಬೆಳಿಗ್ಗೆ ಆನ್ ಮಾಡಿದ ಮೇಲೆ ಒಂದ್ಸಲ ಆ್ಯಪ್ ತೆರೆಯೋಕೆ ಎಲ್ಲ ಸಿಸ್ಟರ್‌ಗಳಿಗೂ ಹೇಳಿಬಿಡಿ ಅಂತ. ಹೇಳಿರಲಿಲ್ವಾ?"

ಮೇಲ್ವಿಚಾರಕ ಫೋನನ್ನು ಕೈಗೆತ್ತಿಕೊಂಡು, ಆಮೇಲೆ ಮಾತಾಡ್ತೀನಿ ಎಂದು ಕತ್ತರಿಸಿದ.

ಸಿಸ್ಟರ್ ಅವನನ್ನೇ ನೋಡಿದಳು. ಹೋದ ತಿಂಗಳೇ ಗೊತ್ತಿತ್ತು. ಮೇಷ್ಟ್ರ ಕೋಣೆಯಲ್ಲಿ ಕಿಟಕಿಯ ಪಕ್ಕ ನಿಂತಿದ್ದಾಗ ಗೊತ್ತಿತ್ತು. ಮೆಟ್ಟಿಲ ಮೇಲೆ ಯಂತ್ರಕ್ಕೆ ಹಗೆ ಇರುವುದಿಲ್ಲ ಎಂದಾಗಲೂ ಗೊತ್ತಿತ್ತು. ಮೂವರ ಮುಂದೆ ಈಗ ಹುಬ್ಬೇರಿಸಿದಾಗಲೂ. ಅವನು ಬೆವರು ಒರೆಸಿಕೊಂಡು ಹೇಳತೊಡಗಿದ: ಆ್ಯಪ್ ಸರಿಯಿಲ್ಲ ಎಂದು ಸುದ್ದಿಯಾದರೆ ಮನೆಯವರಿಗೆ ನಂಬಿಕೆ ಹೋಗುತ್ತದೆ, ಸಣ್ಣ ತೊಂದರೆ, ಅಷ್ಟರಲ್ಲಿ ಸರಿಹೋಗುತ್ತದೆ ಎಂದುಕೊಂಡಿದ್ದೆ, ಎಲ್ಲರಿಗೂ ಹೀಗೇ ಆಗುತ್ತಿದೆ ಎಂದು ನನಗೂ ಖಚಿತವಿರಲಿಲ್ಲ.

"ಖಚಿತ ಇಲ್ಲದೇ ಇದ್ದಾಗ ನನ್ನನ್ನ ಸುಳ್ಳಿ ಅಂದ್ರಲ್ಲ ಸರ್" ಎಂದಳು ಸಿಸ್ಟರ್. ದನಿ ಏರಿರಲಿಲ್ಲ. "ಆ್ಯಪ್ ಮೇಲಿನ ನಂಬಿಕೆ ಉಳಿಸೋಕೆ ನಮ್ಮ ಮೇಲಿನ ನಂಬಿಕೆ ಬಲಿ ಕೊಟ್ಟುಬಿಟ್ರಿ."

ಆಗಿದ್ದು ಆಯಿತು, ನಾಳೆಯಿಂದ ನೀವು ಮತ್ತೆ ಕೆಲಸಕ್ಕೆ ಹೋಗಿ, ಎಲ್ಲ ಮನೆಗಳಿಗೂ ಆ್ಯಪ್‌ನಲ್ಲೇ ಒಂದು ಸಂದೇಶ ಹಾಕಿಸುತ್ತೇನೆ ಎಂದ ಅವನು. ಸಿಸ್ಟರ್ ಒಪ್ಪಲಿಲ್ಲ. ಬಾಯಿಂದ ಹೇಳಿದ್ದನ್ನ ಬಾಯಿಂದಲೇ ವಾಪಸ್ ತಗೊಳ್ಳಿ ಎಂದಳು. ಯಾವ ಯಾವ ಮನೆಗೆ ನಿಮ್ಮ ನರ್ಸು ಬರಲಿಲ್ಲ ಎಂದು ಒಪ್ಪಿಕೊಂಡಿದ್ದೀರೋ ಆ ಮನೆಗಳಿಗೆಲ್ಲ ಫೋನು ಮಾಡಿ, ಬಂದಿದ್ದರು, ತಪ್ಪು ನಮ್ಮದು ಎಂದು ಹೇಳಬೇಕು. ನೀವು ಹೇಳುವುದನ್ನು ನಾನು ಕೂತು ಕೇಳುತ್ತೇನೆ. ಅವನು ಮೇಷ್ಟ್ರ ಹೆಂಡತಿಯ ಕಡೆ ನೋಡಿದ, ಅಲ್ಲೇನಾದರೂ ಕನಿಕರ ಸಿಗಬಹುದು ಎಂದು. ಆಕೆ ಕೈಚೀಲವನ್ನು ಕಾಲ ಬಳಿ ಇಳಿಸಿ, ಕುರ್ಚಿಯಲ್ಲಿ ಸರಿಯಾಗಿ ಕೂತಳು.

ಒಂದೊಂದಾಗಿ ಫೋನುಗಳು ಹೋದವು. ಕೆಲವರು ಓಹೋ ಹಾಗಾ ಎಂದರು. ಒಬ್ಬ ಮುದುಕ, ನಾನು ಅವತ್ತೇ ಹೇಳಿದ್ದೆ, ಆಕೆ ಬಂದಿದ್ದಳು ಅಂತ, ಕಿವುಡ ನಾನೋ ನೀವೋ, ಎಂದು ರೇಗಿದ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ದೊಡ್ಡಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಎಲ್ಲ ಮುಗಿಯಿತು ಎಂದು ಮೇಲ್ವಿಚಾರಕ ಫೋನು ಕೆಳಗಿಟ್ಟಾಗ ಅವಳೇ ಬಾಗಿಲಿಂದ ಹೇಳಿದಳು: ಮನೆಯವರಿಗೆ ಹೇಳಿದ್ದಾಯಿತು, ಕೆಲಸ ಬಿಟ್ಟುಹೋದ ಆ ಹುಡುಗಿಗೆ ಯಾರು ಹೇಳುತ್ತಾರೆ? ಆಗಷ್ಟೇ ಕೆಲಸಕ್ಕೆ ಸೇರಿದ್ದ ಅವಳು, ಮೂರು ಸಲ ಹೀಗಾದ ಮೇಲೆ, ತಪ್ಪಾಯ್ತು ಎಂದು ಅತ್ತು ಕೆಲಸವನ್ನೇ ಬಿಟ್ಟುಹೋಗಿದ್ದಳು. ಈಗ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಮಕ್ಕಳ ಬಟ್ಟೆ ಅಂಗಡಿಯಲ್ಲಿದ್ದಾಳಂತೆ. ಅವಳ ನಂಬರ್ ಈಗ ಇಲ್ಲ, ಸಿಕ್ಕರೆ ನೋಡೋಣ ಎಂದ ಮೇಲ್ವಿಚಾರಕ.

ಸಿಸ್ಟರ್ ಮಾರನೆಯ ದಿನ ಮೇಷ್ಟ್ರ ಮನೆಗೆ ಹೋದಳು. ಬೀಗದ ಕೈ ಮತ್ತೆ ಅವಳ ಕೈಗೆ ಬಂತು. ಮೇಷ್ಟ್ರ ಹಣೆಯ ಊತ ಇಳಿದು ಹಳದಿಗೆ ತಿರುಗಿತ್ತು. ಕಾಲು ಆಡಿಸುವಾಗ, ಇನ್ನು ಮೇಲೆ ನನ್ನ ಮುಂದೆಯೇ ನಿಲ್ಲಬೇಕು, ಕದ್ದು ನಿಂತರೆ ನೋಡಿ, ಎಂದು ಗದರಿದಳು. ಕೆಲಸ ಮುಗಿಸಿ, ಅಜ್ಜಿಯ ಮನೆಗೂ ಹೋಗಿ, ಅಲ್ಲಿಂದ ಮಾರುಕಟ್ಟೆಯ ಹಿಂದಿನ ರಸ್ತೆ ಹಿಡಿದಳು.

ಅಂಗಡಿ ಚಿಕ್ಕದು. ಹುಡುಗಿ ಪುಟ್ಟ ಅಂಗಿಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದಳು. ಸಿಸ್ಟರನ್ನು ನೋಡಿ ಮುಖ ಬಾಡಿತು. ಏಜೆನ್ಸಿಯಿಂದ ಬಂದವರೆಂದರೆ ಅವಳಿಗೆ ಇನ್ನೂ ಅಂಜಿಕೆ. ಸಿಸ್ಟರ್ ನಡೆದದ್ದನ್ನು ಹೇಳಿದಳು. ಸರ್ವಿಸ್ ಶುರುವಾಗುತ್ತಿರಲಿಲ್ಲ, ಅದು ಗೊತ್ತಿದ್ದೂ ಹೇಳಿರಲಿಲ್ಲ, ನಿನ್ನದೇನೂ ತಪ್ಪಿಲ್ಲ, ನೀನು ಹೋಗಿದ್ದೆ.

ಹುಡುಗಿ ಕೈಯಲ್ಲಿದ್ದ ಅಂಗಿಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

"ನಾನು ಹೋಗಿದ್ದೆ ಅಲ್ವಾ ಅಕ್ಕ?" ಎಂದಳು. "ಮೊದಲನೇ ಸಲ ನನಗೆ ಗೊತ್ತಿತ್ತು. ಎರಡನೇ ಸಲನೂ ಗೊತ್ತಿತ್ತು. ಮೂರನೇ ಸಲ ಅವರು ಕೇಳಿದಾಗ ನೆನಪು ಮಾಡ್ಕೊಳ್ಳೋಕೆ ನೋಡಿದೆ, ಅವತ್ತಿನದು ಯಾವುದು ಹಿಂದಿನ ದಿನದ್ದು ಯಾವುದು ಅಂತ ಕಲಸಿಹೋಯ್ತು. ನನ್ನ ತಲೆನೇ ಸರಿ ಇಲ್ವೇನೋ ಅಂದ್ಕೊಂಡೆ. ಅಂಥವಳು ಇಂಜೆಕ್ಷನ್ ಕೊಡಬಾರದು ಅಂತ ಬಿಟ್ಟುಬಿಟ್ಟೆ."

ತನ್ನನ್ನು ಸುಳ್ಳಿ ಎಂದದ್ದು ದೊಡ್ಡ ಅನ್ಯಾಯ ಎಂದು ಸಿಸ್ಟರ್ ಅಂದುಕೊಂಡಿದ್ದಳು. ಇವಳಿಂದ ಇವಳ ನೆನಪನ್ನೇ ಕಿತ್ತುಕೊಂಡಿದ್ದರು. ಅವಳು ಅಲ್ಲೇ, ಅಂಗಡಿಯ ಕಟ್ಟೆಯ ಮುಂದೆ, ಮೇಲ್ವಿಚಾರಕನಿಗೆ ಫೋನು ಮಾಡಿದಳು. ನಂಬರ್ ಇಲ್ಲ ಎಂದಿದ್ದಿರಲ್ಲ, ಮನುಷ್ಯಳೇ ಸಿಕ್ಕಿದ್ದಾಳೆ, ಮಾತಾಡಿ, ಎಂದು ಹುಡುಗಿಯ ಕೈಗೆ ಕೊಟ್ಟಳು.

ಹುಡುಗಿ ಕಿವಿಗಿಟ್ಟುಕೊಂಡು ಕೇಳಿದಳು. ಆ ಕಡೆಯಿಂದ ಬಹಳ ಹೊತ್ತು ಮಾತು ಬರುತ್ತಿತ್ತು. ಇವಳು ಹೂಂ ಎನ್ನಲಿಲ್ಲ, ಪರವಾಗಿಲ್ಲ ಎನ್ನಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದಳು: ಮೂರು ಸಲನೂ ಹೋಗಿದ್ದೆ ಅಂತ ಹೇಳಿ ಸರ್. ಅವನು ಹೇಳಿರಬೇಕು. ಅವಳು ಫೋನನ್ನು ಹಿಂದಿರುಗಿಸಿದಳು.

ವಾಪಸ್ ಬರುತ್ತೀಯಾ ಎಂದು ಸಿಸ್ಟರ್ ಕೇಳಿದಳು. ಯೋಚನೆ ಮಾಡಬೇಕು ಎಂದಳು ಹುಡುಗಿ. ಅಷ್ಟರಲ್ಲಿ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಒಳಗೆ ಬಂದು ಬೆಚ್ಚನೆಯ ಟೋಪಿ ಕೇಳಿದಳು. ಹುಡುಗಿ ಅವಳ ಕಡೆ ಹೋದವಳು, ಟೋಪಿ ತೆಗೆಯುವ ಮುಂಚೆ ಮಗುವಿನ ಹಣೆಗೆ ಬೆರಳ ಹಿಂಭಾಗ ತಾಗಿಸಿ ನೋಡಿದಳು. ಜ್ವರ ಇದೆಯಲ್ಲಮ್ಮ, ಎಷ್ಟು ಹೊತ್ತಿನಿಂದ, ಎಂದು ಕೇಳಿದಳು.